ಈ ವಾರ ಯಾರದು?

ಬೇರೆಯಾದ ಮೇಲೆ ಅವರಿಬ್ಬರೂ ಹಂಚಿಕೊಂಡಷ್ಟನ್ನು ಸಂಸಾರ ಮಾಡುವಾಗ ಹಂಚಿಕೊಂಡಿರಲಿಲ್ಲ. ಒಂದೇ ಮನೆ, ಒಂದೇ ಬಾಡಿಗೆ ಕೋಣೆ, ಅಲ್ಲೊಂದು ಮಂಚ, ಇಲ್ಲೊಂದು ಮಂಚ, ಒಬ್ಬಳೇ ಮಗಳು. ಅವನಿದ್ದಲ್ಲಿ ಅವಳಿಲ್ಲ, ಅವಳಿದ್ದಲ್ಲಿ ಅವನಿಲ್ಲ, ಅಷ್ಟೇ. ಇಂಥ ಏರ್ಪಾಟು ಯಾರ ತಲೆಗೆ ಹೊಳೆಯಿತೆಂದು ಕೇಳಬೇಡಿ. ಇಬ್ಬರ ತಲೆಗೂ ಒಟ್ಟಿಗೇ ಹೊಳೆಯಿತು. ಮದುವೆಯಾದ ಮೇಲೆ ಇಬ್ಬರೂ ಜಗಳವಿಲ್ಲದೆ ಒಪ್ಪಿಕೊಂಡ ಮೊದಲ ಸಂಗತಿ ಅದೇ ಇದ್ದೀತು.

ಮಿಕ್ಕವರಲ್ಲಿ ಹೇಗೆ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ, ಮಗು ಮಾತ್ರ ಬ್ಯಾಗು ಬೆನ್ನಿಗೇರಿಸಿಕೊಂಡು ಆ ಮನೆಗೂ ಈ ಮನೆಗೂ ಅಲೆಯುತ್ತಿರುತ್ತದೆ. "ಬಿಟ್ಟವರು ನಾವು, ಗಂಟುಮೂಟೆ ಹೊರೋದು ಅವಳಾ?" ಎಂದು ಅವನು ಕೇಳಿದ್ದ. ಹಾಗಾಗಿ ಮಗಳು ಮನೆಯಲ್ಲೇ ಉಳಿದಳು, ಅಪ್ಪ ಅಮ್ಮ ಅಲೆಯತೊಡಗಿದರು. ಒಂದು ವಾರ ಅವನು ಮನೆಯಲ್ಲಿ, ಅವಳು ಕೋಣೆಯಲ್ಲಿ. ಮರುವಾರ ಅದಲುಬದಲು. ಎರಡು ಕೋಣೆ ಹಿಡಿಯುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಆದ್ದರಿಂದ ತಮ್ಮ ಪಾಳಿಯಲ್ಲದ ವಾರ ಇಬ್ಬರಿಗೂ ಅದೇ ಕೋಣೆ, ಅದೇ ಮಂಚ.

ಅವನು ಲಿಫ್ಟ್ ಮೆಕ್ಯಾನಿಕ್. ಊರಿನ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಕೊಂಡರೂ ಅವನ ಫೋನು ಬಡಿದುಕೊಳ್ಳುತ್ತದೆ. ಅವಳು ಕನ್ನಡಕದ ಅಂಗಡಿಯ ಒಳಗಡೆ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಮಗಳಿಗೆ ಏಳು ವರ್ಷ. ನಿಂತಲ್ಲಿ ನಿಲ್ಲುವ ಜಾಯಮಾನವಲ್ಲವಾದ್ದರಿಂದ ಮನೆಯವರೆಲ್ಲ ಅವಳನ್ನು ಬುಗುರಿ ಅನ್ನುತ್ತಾರೆ.

ಪಾಳಿ ಬದಲಾಗುವುದು ಭಾನುವಾರ. ಅಮ್ಮನ ಅಕ್ಕ ಬಂದು ಬುಗುರಿಯನ್ನು ಈಜು ಕಲಿಸಲು ಕರೆದುಕೊಂಡು ಹೋಗುತ್ತಾಳೆ. ಆ ಹೊತ್ತಿನಲ್ಲಿ ಮನೆಯಲ್ಲಿದ್ದವರು ಹೊರಡಬೇಕು, ಕೋಣೆಯಲ್ಲಿದ್ದವರು ಬರಬೇಕು. ಬಸ್ ಸ್ಟಾಪುಗಳು ರಸ್ತೆಯ ಆಚೆ ಒಂದು, ಈಚೆ ಒಂದು. ಅವಳು ಈಚೆ ಬಸ್ಸಿಗೆ ಕಾಯುತ್ತಿರುವಾಗ ಅವನು ಆಚೆ ಇಳಿಯುತ್ತಾನೆ. ಒಮ್ಮೆ ಈ ಕಡೆ ನೋಡುತ್ತಾನೆ. ಅವಳೂ ನೋಡುತ್ತಾಳೆ. ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಳ್ಳುತ್ತಾನೆ, ಸರಿಯಾಗಿ ಕಾಣಲಿಲ್ಲವೇನೋ ಎಂಬಂತೆ. ಆಮೇಲೆ ಇಬ್ಬರೂ ಒಂದಿಷ್ಟು ತಲೆಯಾಡಿಸುತ್ತಾರೆ. ಒಂದು ಬಸ್ಸು ಹಿಂದೆ ಮುಂದೆ ಮಾಡಿದ್ದರೆ ಈ ಮುಖಾಮುಖಿಯೇ ತಪ್ಪುತ್ತಿತ್ತು. ಇಬ್ಬರೂ ಮಾಡಲಿಲ್ಲ. ಯಾಕೆಂದು ಕೇಳಿದ್ದರೆ ಇಬ್ಬರೂ ಬಸ್ಸಿನ ಮೇಲೇ ಹಾಕುತ್ತಿದ್ದರು.

ಈಜು ಮುಗಿಸಿ ಒದ್ದೆ ತಲೆಯಲ್ಲಿ ಬಂದ ಬುಗುರಿ ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು, "ಈ ವಾರ ಯಾರ್ದು?" ಒಳಗಿಂದ ಬರುವ ದನಿ ಯಾರದೆಂದು ಕೇಳಿಸಿಕೊಂಡು, ಅದಕ್ಕೆ ತಕ್ಕಂತೆ ಚಪ್ಪಲಿಯನ್ನು ಸಾಲಾಗಿ ಬಿಡುವುದೋ ಎಸೆಯುವುದೋ ಎಂದು ತೀರ್ಮಾನಿಸುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣವಾದದ್ದು ಒಂದೇ ಒಂದು ಮಾತು ಅಂದರೆ ನೀವು ನಂಬಲಿಕ್ಕಿಲ್ಲ. ಅದಕ್ಕೆ ಮುಂಚೆ ಜಗಳಗಳಾಗಿದ್ದವು, ಯಾರ ಮನೆಯಲ್ಲಿ ಆಗುವುದಿಲ್ಲ ಹೇಳಿ. ಒಮ್ಮೆ ಅವಳು ಅಕ್ಕನ ಮನೆಗೆ ಹೋಗಿ ಎರಡು ದಿನ ಇದ್ದು ಬಂದಳು. ಬಂದವಳು, ನಾನಿಲ್ಲದ್ದು ನಿನಗೆ ಗೊತ್ತಾದರೂ ಆಯಿತಾ ಎಂದು ಕೇಳಿದಳು. ಅವನು ಆಗಷ್ಟೇ ಕೆಲಸದಿಂದ ಬಂದು ಕೈಗೆ ಹತ್ತಿದ ಗ್ರೀಸನ್ನು ತಿಕ್ಕಿಕೊಳ್ಳುತ್ತಿದ್ದ. ತಲೆಯೆತ್ತದೆ ಹೇಳಿದ, "ನೀನಿದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕಾಲು ಮಡಿಸಿ ಕೂತು ಕೂತು ಜೋಮು ಹಿಡಿಯುತ್ತದಲ್ಲ, ಹಾಗೆ ಮನಸ್ಸಿಗೆ ಜೋಮು ಹಿಡಿಯಿತು. ಚಿವುಟಿದರೂ ಯಾರದೋ ಕಾಲು. ಬೇರೆಯಾಗೋಣ ಎಂದಾಗಲೂ, ಸಹಿ ಹಾಕಿದಾಗಲೂ, ಮೊದಲ ಸಲ ಆ ಕೋಣೆಯ ಬೀಗ ತೆಗೆದಾಗಲೂ ಅವಳಿಗೆ ಏನೂ ಅನ್ನಿಸಲಿಲ್ಲ. ಅಕ್ಕ ಅದನ್ನು ಧೈರ್ಯ ಎಂದುಕೊಂಡಳು. ಮೊದಲು ಒಬ್ಬರಿಗೊಬ್ಬರು ಕಣೋ, ಕಣೇ ಅನ್ನುತ್ತಿದ್ದವರು ಸಹಿ ಹಾಕಿದ ದಿನದಿಂದ ಬಹುವಚನಕ್ಕೆ ಏರಿದ್ದರು. ಅದೂ ಅವಳಿಗೆ ಹಿತವಾಗಿಯೇ ಇತ್ತು. ನೀವು ಎಂದರೆ ನಡುವೆ ಒಂದು ಕೌಂಟರು ಇದ್ದಂತೆ.

ಕೋಣೆ ಇದ್ದದ್ದು ಒಂದು ಚಪ್ಪಲಿ ಅಂಗಡಿಯ ಮೇಲೆ. ಅಂಗಡಿಯ ಬೋರ್ಡು ರಾತ್ರಿಯೆಲ್ಲ ಉರಿದು ಕೋಣೆಯನ್ನು ಕೆಂಪಗೆ ಮಾಡಿಬಿಡುತ್ತಿತ್ತು. ಅವಳಿಗೆ ಒಂದು ಎಳೆ ಬೆಳಕಿದ್ದರೂ ನಿದ್ದೆ ಹತ್ತದು. ಮೊದಲ ವಾರ ಕಿಟಕಿಗೆ ತನ್ನ ದುಪಟ್ಟಾ ಸಿಕ್ಕಿಸಿ ಮಲಗಿ, ಹೋಗುವಾಗ ಮನೆ ಮಾಲೀಕನಿಗೆ ಒಂದು ಮಾತು ಹೇಳಿ ಹೋಗಿದ್ದಳು. ಮುಂದಿನ ಸಲ ಬರುವಷ್ಟರಲ್ಲಿ ದಪ್ಪನೆಯ ಕಪ್ಪು ಪರದೆ ತೂಗುತ್ತಿತ್ತು. ಪರವಾಗಿಲ್ಲ, ಒಳ್ಳೆಯ ಮಾಲೀಕ ಎಂದುಕೊಂಡಳು. ನೆಲದ ಮೇಲೆ ಏನನ್ನೋ ಎಳೆದಾಡಿದ ಗೆರೆಗಳಿದ್ದವು. ಎಷ್ಟು ಒರೆಸಿದರೂ ಹೋಗದ್ದಕ್ಕೆ ಹಿಂದಿನ ಬಾಡಿಗೆಯವರಿಗೆ ಬೈದುಕೊಂಡಳು.

ಒಂದೇ ಕೋಣೆಯಲ್ಲಿ ವಾರ ಬಿಟ್ಟು ವಾರ ಇದ್ದರೆ ಹಿಂದಿನವರ ಗುರುತು ಉಳಿಯದೇ ಇರುತ್ತದೆಯೇ? ಬೇಡವೆಂದರೂ ಕಣ್ಣಿಗೆ ಬೀಳುತ್ತಿತ್ತು. ಸಕ್ಕರೆ ಡಬ್ಬಿ ಅವಳು ಬಿಟ್ಟ ಮಟ್ಟದಲ್ಲೇ ಇರುವುದು, ಕೆಮ್ಮಿನ ಔಷಧಿಯ ಸೀಲು ಒಡೆಯದೇ ಇರುವುದು. ಒಮ್ಮೆ ಅವನು ಓದುವ ಕನ್ನಡಕ ಮರೆತು ಹೋಗಿದ್ದ, ಅದರ ಕಡ್ಡಿ ಸಡಿಲವಾಗಿತ್ತು. ಪರ್ಸಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿ ಅಲ್ಲೇ ಇಟ್ಟಳು. ಅವಳ ಕೆಲಸವೇ ಅದು, ಯಾರ ಕನ್ನಡಕವಾದರೂ ಮಾಡುತ್ತಿದ್ದಳು. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಇನ್ನು ದುಡ್ಡಿನ ವಿಷಯ. ಅವನು ಮಗಳ ಜೀವನಾಂಶ ಎಂದು ತಿಂಗಳಿಗಿಷ್ಟು ಕಟ್ಟುತ್ತಿದ್ದ. ತಿಂಗಳಲ್ಲಿ ಅರ್ಧದಷ್ಟು ದಿನ ಮಗಳು ಅವನ ಬಳಿಯೇ ಇರುತ್ತಾಳಾದ್ದರಿಂದ ಅದರಲ್ಲಿ ಅರ್ಧ ಕಡಿತ. ಇದರ ಮೇಲೆ ಸರ್ಕಾರ ಕೊಡುವ ಒಂಟಿ ಪೋಷಕರ ಭತ್ಯೆ. ಮಗುವನ್ನು ಇಬ್ಬರೂ ಸಮನಾಗಿ ನೋಡಿಕೊಂಡರೂ ಭತ್ಯೆ ಬರುವುದು ಒಬ್ಬರ ಹೆಸರಿಗೆ ಮಾತ್ರ, ಅದು ಅವಳ ಹೆಸರಿನಲ್ಲಿತ್ತು. ಆ ಹಣ ಬಂದ ದಿನವೇ ಕೋಣೆಯ ಬಾಡಿಗೆಗೆ ಹೋಗುತ್ತಿತ್ತು. ಭತ್ಯೆ ನಿಂತರೆ ಕೋಣೆ ಇಲ್ಲ. ಕೋಣೆ ಇಲ್ಲದಿದ್ದರೆ ಒಬ್ಬರು ಎಲ್ಲಾದರೂ ದೂರ ಹೋಗಬೇಕು, ಬುಗುರಿ ಬ್ಯಾಗು ಹೊರಬೇಕು.

ಅಂಥದ್ದರಲ್ಲಿ ಇವರು ಮಾಡಿದ ಘನಕಾರ್ಯ ಕೇಳಿ. ವರ್ಷಕ್ಕೊಮ್ಮೆ ಭತ್ಯೆಯ ಕಚೇರಿಯವರು ಅಪ್ಪ ಅಮ್ಮ ಇಬ್ಬರ ವಿಳಾಸವನ್ನೂ ಕೇಳುತ್ತಾರೆ. ಸತ್ಯಸಂಧಳಾದ ಅವಳು ಮನೆಯದ್ದನ್ನೂ ಕೋಣೆಯದ್ದನ್ನೂ ಕೊಟ್ಟಳು. ಅವಳನ್ನು ಕೇಳದೆ, ಅವಳಷ್ಟೇ ಸತ್ಯಸಂಧನಾದ ಅವನೂ ಎರಡನ್ನೂ ಕೊಟ್ಟ. ಬೇರೆಯಾದ ಗಂಡ ಹೆಂಡತಿಗೆ ಒಂದಲ್ಲ, ಎರಡೆರಡು ಕಡೆ ಒಂದೇ ಮಂಚವಿರುವುದನ್ನು ಕಂಡು ಕಚೇರಿಗೆ ಅನುಮಾನ ಬಾರದೆ ಇನ್ನೇನಾದೀತು? ಇಬ್ಬರನ್ನೂ ಒಂದೇ ದಿನ ಕರೆಸಿದರು. ಬೇರೆ ಬೇರೆಯಾಗಿ ಕೂರಿಸಿ, ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಅವೇ ಪ್ರಶ್ನೆಗಳನ್ನು ಕೇಳುತ್ತಾರಂತೆ. ಇಬ್ಬರಿಗೂ ಎಲ್ಲ ಗೊತ್ತಿದ್ದರೆ ಒಟ್ಟಿಗಿದ್ದಾರೆಂದು ಅರ್ಥ, ಭತ್ಯೆ ಬಂದ್.

ಅಕ್ಕ ಹಿಂದಿನ ದಿನವೇ ಬಂದು ಪಾಠ ಹೇಳಿದಳು. ಬಾಯಿಗೆ ಬೀಗ ಹಾಕಿಕೋ, ಏನು ಕೇಳಿದರೂ ಗೊತ್ತಿಲ್ಲ ಅನ್ನು, ಅದೇನು ಕಷ್ಟದ ಕೆಲಸವೇ ಎಂದಳು. ಕಷ್ಟವೇನಲ್ಲ ಎಂದು ಅವಳಿಗೂ ಅನ್ನಿಸಿತು. ನಿಜಕ್ಕೂ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲವಲ್ಲ.

ಕಚೇರಿಯ ಮೊಗಸಾಲೆಯಲ್ಲಿ ಅವನು ಮೊದಲೇ ಬಂದು ಕೂತಿದ್ದ. ಅವಳು ನಡುವೆ ಒಂದು ಕುರ್ಚಿ ಬಿಟ್ಟು ಕೂತಳು. ಇಷ್ಟು ಹತ್ತಿರದಿಂದ ಅವನನ್ನು ನೋಡಿ ಎಷ್ಟೋ ಕಾಲವಾಗಿತ್ತು. ಕಚೇರಿಯ ಪತ್ರ ಓದಲು ಹಾಕಿಕೊಂಡಿದ್ದ ಆ ಕನ್ನಡಕದ ಕಡ್ಡಿ ಕಿವಿಯ ಮೇಲೆ ಸರಿಯಾಗಿ ಕೂತಿದೆಯೇ ಎಂದು ಓರೆಗಣ್ಣಿನಲ್ಲಿ ನೋಡಿದಳು. ಕೂತಿತ್ತು. ಅವಳು ನೋಡಿದ್ದು ಅವನಿಗೆ ಗೊತ್ತಾಗಿ, ಬೇಕೆಂದೇ ಮೂಗಿನ ಮೇಲೆ ಅದನ್ನು ಒಮ್ಮೆ ಏರಿಸಿಕೊಂಡ.

"ಬುಗುರಿ ಹಲ್ಲು ಅಲ್ಲಾಡ್ತಿದೆ," ಎಂದ.

"ನೋಡ್ದೆ. ಕೆಳಗಿಂದು."

"ದಾರ ಕಟ್ಟಿ ಎಳೀಬೇಡಿ. ತಾನಾಗೇ ಬೀಳುತ್ತೆ."

"ನಾನ್ಯಾಕೆ ಎಳೀಲಿ? ಅದು ನಿಮ್ಮ ಬುದ್ಧಿ."

ಅವನಿಗೆ ನಗು ಬಂತು, ನಗುವಿನ ಬೆನ್ನಿಗೇ ಕೆಮ್ಮೂ ಬಂತು. ಅಷ್ಟರಲ್ಲಿ ಒಳಗಿಂದ ಅವಳನ್ನು ಕರೆದರು.

ಒಳಗಿದ್ದವರು ನಡುವಯಸ್ಸಿನ ಮೇಡಂ, ಎರಡೇ ಬೆರಳಿನಲ್ಲಿ ಟೈಪು ಮಾಡುವವರು. ಪಕ್ಕದಲ್ಲಿ ತಣ್ಣಗಾದ ಟೀ. ಈ ಸೀಟಿನಲ್ಲಿ ಕೂತು ಊರ ಸಂಸಾರಗಳನ್ನೆಲ್ಲ ನೋಡಿ ನೋಡಿ ಅವರಿಗೆ ಯಾವುದಕ್ಕೂ ಹುಬ್ಬೇರಿಸುವ ಅಭ್ಯಾಸವೇ ತಪ್ಪಿಹೋಗಿತ್ತು. ಮಗುವಿನ ತಂದೆ ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತಾರೆ ಎಂದು ಕೇಳಿದರು. ಗೊತ್ತಿಲ್ಲ. ಟೀನೋ ಕಾಫಿನೋ? ಗೊತ್ತಿಲ್ಲ. ಅಕ್ಕ ಹೇಳಿದ್ದು ಸರಿ, ಇದೇನೂ ಕಷ್ಟವಿರಲಿಲ್ಲ. ಆರೋಗ್ಯ ಹೇಗಿದೆ ಎಂದು ಕೇಳಿದರು. ಗೊತ್ತಿಲ್ಲ ಅನ್ನಲು ಅವಳು ಬಾಯಿ ತೆರೆದಳು.

"ಕೆಮ್ಮು," ಎಂದಳು.

ಮೇಡಂ ಕಾದರು.

"ಒಂದು ತಿಂಗಳಿಂದ ಕೆಮ್ಮು, ಡಾಕ್ಟರ ಹತ್ರ ಹೋಗಿಲ್ಲ. ಔಷಧಿ ತಂದಿದಾರೆ, ಸೀಲೇ ಒಡೆದಿಲ್ಲ. ಸಕ್ಕರೆ ಬಿಟ್ಟಿದಾರೆ, ಯಾಕೆ ಅಂತ ಗೊತ್ತಿಲ್ಲ, ಅದೇ ಹೆದರಿಕೆ. ಎಡಗಾಲು ನೋಯ್ತಿರಬೇಕು. ಚಪ್ಪಲಿ ಒಂದೇ ಕಡೆ ಸವೆದಿದೆ."

ಹೇಳುತ್ತಾ ಹೋದಳು. ನಿಲ್ಲಿಸಬೇಕೆಂದು ಗೊತ್ತು, ಬಾಯಿ ನಿಲ್ಲಲಿಲ್ಲ. ಯಾವುದೋ ಕಟ್ಟಡದಲ್ಲಿ ಒಮ್ಮೆ ಲಿಫ್ಟಿನ ಕೆಳಗಿನ ಹಳ್ಳದೊಳಗೆ ಕತ್ತಲಲ್ಲಿ ಸಿಕ್ಕಿಕೊಂಡಂದಿನಿಂದ ಅವನಿಗೆ ಬೆಳಕಿಲ್ಲದೆ ನಿದ್ದೆ ಬರದು, ಹಾಗಂತ ಯಾರಿಗೂ ಹೇಳಿಕೊಳ್ಳುವವನಲ್ಲ ಎಂದಳು. ಊಟಕ್ಕೆ ಕೂತಾಗ ಫೋನು ಬಂದರೆ ತಟ್ಟೆ ಬಿಟ್ಟು ಓಡುತ್ತಾನೆ, ಬಂದು ಆರಿದ್ದನ್ನೇ ತಿನ್ನುತ್ತಾನೆ ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸುತ್ತಿತ್ತು. ಮೇಡಂ ಟೈಪು ಮಾಡುವುದನ್ನು ನಿಲ್ಲಿಸಿ ಅವಳ ಕಡೆ ನೀರಿನ ಲೋಟ ಸರಿಸಿದರು.

ಹೊರಗೆ ಬಂದು ಕೂತ ಮೇಲೆ ತಾನು ಮಾಡಿದ್ದೇನೆಂದು ಹೊಳೆಯಿತು. ಭತ್ಯೆ ಹೋಯಿತು, ಕೈಯಾರೆ ಕಳೆದೆ, ಅಕ್ಕನಿಗೆ ಯಾವ ಮುಖ ತೋರಿಸಲಿ. ಅವನು ಒಳಗೆ ಹೋದ. ಹೋದಷ್ಟೇ ಬೇಗ ಹೊರಗೆ ಬಂದ.

ಮೇಡಂ ಇಬ್ಬರನ್ನೂ ಒಟ್ಟಿಗೆ ಕರೆಸಿ, ಇಬ್ಬರ ಹೇಳಿಕೆಯನ್ನೂ ಯಾವ ಭಾವವೂ ಇಲ್ಲದೆ ಓದಿದರು. ಅವಳದನ್ನು ಓದಲು ಹೊತ್ತು ಹಿಡಿಯಿತು. ಚಪ್ಪಲಿಯ ಮಾತು ಬಂದಾಗ ಅವನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಅವನದನ್ನು ಓದಲು ಏನೂ ಇರಲಿಲ್ಲ. ಅವಳಿಗೆ ಏನಿಷ್ಟ, ಆರೋಗ್ಯ ಹೇಗಿದೆ, ಹೇಗೆ ಮಲಗುತ್ತಾಳೆ, ಯಾವುದಕ್ಕೆ ಹೆದರುತ್ತಾಳೆ, ಎಲ್ಲಕ್ಕೂ ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ.

"ಹೆಂಡತಿಗೆ ಎಲ್ಲಾ ಗೊತ್ತು, ಗಂಡನಿಗೆ ಏನೂ ಗೊತ್ತಿಲ್ಲ," ಎಂದರು ಮೇಡಂ. "ಇದು ಬಿಟ್ಟಿರೋರ ಮನೇಲೂ ಇರುತ್ತೆ, ಕಟ್ಕೊಂಡಿರೋರ ಮನೇಲೂ ಇರುತ್ತೆ. ಆದ್ರೆ ನಿಯಮದ ಪ್ರಕಾರ ಇಬ್ಬರಿಗೂ ಗೊತ್ತಿರಬೇಕು."

ಅಂದರೆ ಇವರು ನಿಜವಾಗಿಯೂ ಬೇರೆಯಾಗಿದ್ದಾರೆ, ಭತ್ಯೆ ಮುಂದುವರಿಯುತ್ತದೆ. ಆದರೆ ಈ ಗೊಂದಲದ ವಿಳಾಸ ಇನ್ನು ನಡೆಯದು, ಒಬ್ಬರಿಗೆ ಒಂದೇ ವಿಳಾಸ. ಮನೆ ಅವಳಿಗೆ, ಕೋಣೆ ಅವನಿಗೆ. ಮಗು ಅಪ್ಪನ ವಾರದಲ್ಲಿ ಅಪ್ಪನ ಕೋಣೆಗೆ ಹೋಗಲಿ. ಭತ್ಯೆ ಮನೆಯ ಖರ್ಚಿಗೆ ಆಗುತ್ತದೆ, ಕೋಣೆಯ ಬಾಡಿಗೆ ಇನ್ನು ನನ್ನದು ಎಂದು ಅವನೇ ಮುಂದಾಗಿ ಒಪ್ಪಿಕೊಂಡ.

ಮೆಟ್ಟಿಲಿಳಿಯುವಾಗ ಅವನ ಮುಖದಲ್ಲಿ ಗೆದ್ದ ಕಳೆಯಿತ್ತು. "ಭತ್ಯೆ ಉಳೀತಲ್ಲ," ಎಂದ.

"ಹೌದು," ಎಂದಳು.

ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ಇಂದು ಸರ್ಕಾರದ ಎದುರು ಹೇಳಿದ್ದ. ಅಂದಿನ ಜೋಮು ಮತ್ತೆ ಮೇಲಕ್ಕೇರಿತು. ಅಂಗಡಿಗೆ ಹೋಗಿ ಸಂಜೆಯವರೆಗೆ ಗಾಜು ಉಜ್ಜಿದಳು. ಒಂದೂ ಒಡೆಯಲಿಲ್ಲ.

ಕೋಣೆಯಲ್ಲಿ ಅವಳ ಒಂದಿಷ್ಟು ಬಟ್ಟೆ, ಒಂದು ಲೋಟ, ಬಾಚಣಿಗೆ ಉಳಿದಿದ್ದವು. ಅವನ ಎದುರು ಹೋಗಿ ಎತ್ತಿಕೊಳ್ಳುವುದು ಬೇಡವೆಂದು ಅವನು ಕೋಣೆಯಲ್ಲಿರುವ ವಾರದಲ್ಲೇ, ಕೆಲಸಕ್ಕೆ ಹೋಗಿರುವಾಗ, ಊಟದ ಬಿಡುವಿನಲ್ಲಿ ಹೊರಟಳು. ತನ್ನದಲ್ಲದ ವಾರ ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬೀಗ ತೆಗೆದು ಒಳಗೆ ಕಾಲಿಟ್ಟವಳು ಬೇರೆ ಯಾರದೋ ಕೋಣೆಗೆ ಬಂದೆನೆಂದುಕೊಂಡು ಹಿಂದಕ್ಕೆ ಸರಿದಳು.

ಕಿಟಕಿ ಬಟಾಬಯಲಾಗಿತ್ತು. ಕಪ್ಪು ಪರದೆ ಅಂಚಿಗೆ ಅಂಚು ಕೂಡಿಸಿ ಮಡಿಸಿಕೊಂಡು ಕುರ್ಚಿಯ ಮೇಲಿತ್ತು. ಅವಳ ವಾರದಲ್ಲಿ ಒಳಗೋಡೆಗೆ ಒತ್ತಿಕೊಂಡಿರುತ್ತಿದ್ದ ಮಂಚ ಈಗ ಕಿಟಕಿಯ ಕೆಳಗೇ ಇತ್ತು, ಬೋರ್ಡಿನ ಬೆಳಕು ನೇರ ಮುಖಕ್ಕೆ ಬೀಳುವ ಹಾಗೆ. ಅವಳ ಲೋಟವನ್ನು ಒಂದು ಕರವಸ್ತ್ರದಿಂದ ಮುಚ್ಚಿ ಮೇಲಿನ ಹಲಗೆಗೆ ಏರಿಸಲಾಗಿತ್ತು. ಅವಳ ವಾರದಲ್ಲಿ ಅದು ಕೈಗೆ ಸಿಗುವಂತೆ ಸಿಂಕಿನ ಪಕ್ಕದಲ್ಲಿರುತ್ತಿತ್ತು, ಯಾವಾಗಲೂ.

ನೆಲ ನೋಡಿದಳು. ಗೋಡೆಯಿಂದ ಕಿಟಕಿಯವರೆಗೆ ಆ ಗೆರೆಗಳು. ಮಂಚದ ಕಾಲಿನ ಗೆರೆಗಳು. ಹಿಂದಿನ ಬಾಡಿಗೆಯವರದ್ದೇನೂ ಅಲ್ಲ.

ಪರದೆಯನ್ನು ಕೈಗೆತ್ತಿಕೊಂಡು ನಿಂತೇ ಇದ್ದಳು. ತೆಗೆದು ಮತ್ತೆ ಹಾಕಲು ಅನುಕೂಲವಾಗುವಂತೆ ಅದರ ತಲೆಗೆ ಲಿಫ್ಟಿನ ಕೆಲಸಕ್ಕೆ ಬಳಸುವ ಪುಟ್ಟ ಕೊಕ್ಕೆಗಳನ್ನು ಹಾಕಲಾಗಿತ್ತು. ಹೊಲಿಗೆ ಅಂಕುಡೊಂಕು, ಯಾವ ದರ್ಜಿಯೂ ಹಾಗೆ ಹೊಲಿಯುವುದಿಲ್ಲ. ಬೆಳಕಿಲ್ಲದೆ ಕಣ್ಣು ಮುಚ್ಚಲಾಗದ ಮನುಷ್ಯ ಕೂತು ಕತ್ತಲನ್ನು ಹೊಲಿದಿದ್ದ.

ಹಿಂದೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಒಂದು ಕೈಯಲ್ಲಿ ಸಾಮಾನಿನ ಚೀಲ, ಇನ್ನೊಂದರಲ್ಲಿ ಬ್ರೆಡ್ಡಿನ ಪೊಟ್ಟಣ ಹಿಡಿದು ಅವನು ನಿಂತಿದ್ದ. ಅವಳ ಕೈಯಲ್ಲಿದ್ದ ಪರದೆ ನೋಡಿ, ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವನ ಹಾಗೆ ಮುಖ ಮಾಡಿದ. ಆ ಕೋಣೆಯಲ್ಲಿ ಇಬ್ಬರೂ ಒಟ್ಟಿಗೆ ನಿಂತದ್ದು ಅದೇ ಮೊದಲು. ಒಂದೇ ಕುರ್ಚಿ ಇದ್ದದ್ದರಿಂದ ಯಾರೂ ಕೂರಲಿಲ್ಲ.

"ಓನರ್ ಹಾಕಿಸಿದ್ದು ಅನ್ಕೊಂಡಿದ್ದೆ," ಎಂದಳು.

"ಅವನು ಬಲ್ಬ್ ಹೋದ್ರೆ ಬಲ್ಬ್ ಹಾಕಿಸಲ್ಲ. ಪರದೆ ಹಾಕಿಸ್ತಾನಾ?"

"ಪ್ರತಿ ವಾರ ಮಂಚ ಎಳೀತಿದ್ರಾ?"

"ಪ್ರತಿ ವಾರ ಯಾಕೆ? ವಾರ ಬಿಟ್ಟು ವಾರ." ಹೇಳಿ ಕಣ್ಣು ತಪ್ಪಿಸಿದ. "ಭಾನುವಾರ ಹೊರಡೋ ಮುಂಚೆ ಹಿಂದಕ್ಕೆ. ನೀವು ಹೋದ್ಮೇಲೆ ಮುಂದಕ್ಕೆ."

"ಮತ್ತೆ ಅಲ್ಲಿ ಗೊತ್ತಿಲ್ಲ ಅಂದ್ರಲ್ಲ?"

"ಗೊತ್ತು ಅಂದಿದ್ರೆ ಭತ್ಯೆ ಹೋಗೋದು." ಬ್ರೆಡ್ಡಿನ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ನೀವೂ ಹಾಗೇ ಅಂದಿರ್ತೀರಿ ಅನ್ಕೊಂಡಿದ್ದೆ. ಮೇಡಂ ಓದ್ತಾ ಓದ್ತಾ... ಚಪ್ಪಲಿ ಸಹ ಬಿಟ್ಟಿರ್ಲಿಲ್ಲ ನೀವು."

ಅವಳಿಗೆ ಮುಖವೆಲ್ಲ ಬಿಸಿಯಾಯಿತು. ಕಿಟಕಿಯ ಕಡೆ ತಿರುಗಿದಳು. ಕೆಳಗೆ ಚಪ್ಪಲಿ ಅಂಗಡಿಯವನು ಹಗಲಲ್ಲೂ ಬೋರ್ಡು ಆರಿಸಿರಲಿಲ್ಲ. ಜೋಮು ಹಿಡಿದ ಕಾಲಿಗೆ ಮತ್ತೆ ರಕ್ತ ಹರಿಯುವಾಗ ನೋವಾಗುತ್ತದೆ, ಸೂಜಿಯಲ್ಲಿ ಚುಚ್ಚಿದಂತೆ, ನೆಲಕ್ಕೆ ಊರಲಾಗದಂತೆ. ಅವಳಿಗೆ ಈಗ ಹಾಗೆ ಆಗುತ್ತಿತ್ತು. ಎಷ್ಟೋ ತಿಂಗಳ ನಂತರ ನೋಯುತ್ತಿತ್ತು. ಅವನ ಮೇಲೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಯಾವುದು ಮೊದಲೆಂದು ತಿಳಿಯಲಿಲ್ಲ.

"ಅವತ್ತು ಒಂದು ಮಾತಂದೆ," ಎಂದ ಅವನು ಹಿಂದಿನಿಂದ. "ಇದ್ರೂ ಅಷ್ಟೇ ಅಂತ. ಇಲ್ಲದಿದ್ರೆ ಏನು ಅಂತ ಆಗ ನಂಗೆ ಗೊತ್ತಿರ್ಲಿಲ್ಲ. ಈ ಕೋಣೆಗೆ ಬಂದ್ಮೇಲೆ..."

"ಇಲ್ಲಿ ಹೇಳ್ಬೇಡ."

ಅವನು ಬೆಚ್ಚಿದ. ಹೇಳಬೇಡಿ ಅನ್ನಲಿಲ್ಲ ಅವಳು, ಹೇಳಬೇಡ ಎಂದಳು.

"ಗೊತ್ತಿಲ್ಲ ಅಂತ ಎಲ್ಲಿ ಹೇಳಿದ್ಯೋ ಅಲ್ಲೇ ಬಂದು ಹೇಳು. ಬರ್ಕೊಳ್ಲಿ ಅವ್ರು."

"ಭತ್ಯೆ?"

"ಹೋಗ್ಲಿ."

"ಕೋಪದಲ್ಲಿ ಹೇಳ್ತಿದೀಯ ಕಣೇ."

"ಹೌದು ಕಣೋ. ನಡಿ."

ಬಸ್ಸಿನಲ್ಲಿ ಅವಳು ಅಂಗಡಿಗೆ ಫೋನು ಮಾಡಿ ರಜೆ ಹೇಳಿದಳು. ಅಕ್ಕನಿಗೂ ಹೇಳಿದಳು, ಹೇಳಬಾರದಿತ್ತು. ಬರುವ ದುಡ್ಡನ್ನು ಕಾಲಲ್ಲಿ ಒದೆಯುತ್ತೀರಾ, ಇಬ್ಬರಿಗೂ ತಲೆ ಕೆಟ್ಟಿದೆಯಾ, ನಾಳೆ ಮತ್ತೆ ಕಿತ್ತಾಡಿಕೊಂಡರೆ ನನ್ನ ಹತ್ತಿರ ಬರಬೇಡ ಎಂದು ಅಕ್ಕ ಎಡೆಬಿಡದೆ ಬೈದಳು. ಕೊನೆಗೆ, ಅವನಿಗೆ ಆ ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಲು ಹೇಳು ಎಂದು ಫೋನಿಟ್ಟಳು.

ಮೇಡಂ ಅವರನ್ನು ಕಂಡು ಹುಬ್ಬೇರಿಸಲಿಲ್ಲ. ಅವನು ನಿಂತುಕೊಂಡೇ, ಮೊನ್ನೆ ಹೇಳಿದ್ದು ಸುಳ್ಳು ಎಂದ. ಹೇಳಿಕೆ ಬದಲಾಯಿಸಿದರೆ ಭತ್ಯೆ ನಿಲ್ಲುತ್ತದೆ, ಒಮ್ಮೆ ಬರೆದುಕೊಂಡರೆ ತಾನು ಅಳಿಸುವುದಿಲ್ಲ, ಹೊರಗೆ ಹೋಗಿ ಇನ್ನೊಮ್ಮೆ ಯೋಚಿಸಿ ಬನ್ನಿ ಎಂದರು ಮೇಡಂ. ಇಬ್ಬರೂ ಕದಲದ್ದು ನೋಡಿ ಉಸಿರುಬಿಟ್ಟು, ಎರಡು ಬೆರಳು ಚಾಚಿ, ಮೊದಲ ಪ್ರಶ್ನೆಯಿಂದ ಮತ್ತೆ ಶುರು ಮಾಡಿದರು. ಈ ಸಲ ಅವಳು ಪಕ್ಕದಲ್ಲೇ ಇದ್ದಳು.

ಬೆಳಿಗ್ಗೆ ಎದ್ದ ತಕ್ಷಣ ಅವಳನ್ನು ಮಾತಾಡಿಸಬಾರದು ಎಂದ. ಟೀ, ಅದೂ ಉಗುರುಬೆಚ್ಚಗೆ, ಬಿಸಿಯಿದ್ದರೆ ಬಾಯಿಗೆ ತಾಗಿಸಳು. ದಿನವೆಲ್ಲ ಗಾಜು ನೋಡಿ ಸಂಜೆಗೆ ಕಣ್ಣುರಿ, ಕೋಣೆಯಲ್ಲಿ ಖಾಲಿಯಾದ ಕಣ್ಣಿನ ಹನಿಯ ಬಾಟಲಿಗಳು ಹೆಚ್ಚುತ್ತಿವೆ, ಒಮ್ಮೆ ತೋರಿಸಬೇಕು. ಸಿಟ್ಟು ಬಂದರೆ ಪಾತ್ರೆ ಉಜ್ಜುತ್ತಾಳೆ, ತೊಳೆದದ್ದನ್ನೇ. ಮೇಡಂ ಟಕ್ ಟಕ್ ಎಂದು ಬರೆದುಕೊಳ್ಳುತ್ತಿದ್ದರು. ಒಂದೊಂದು ಉತ್ತರಕ್ಕೂ ಭತ್ಯೆ ದೂರ ದೂರ ಹೋಗುತ್ತಿತ್ತು. ಅವಳು ಮೇಜಿನ ಅಂಚು ನೋಡುತ್ತಾ ಕೂತಿದ್ದಳು. ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

"ಹೇಗೆ ಮಲಗ್ತಾರೆ?"

"ಕತ್ತಲಿರಬೇಕು. ಗೋಡೆ ಕಡೆ ಮುಖ. ಒಂದು ಕಾಲು ಹೊದಿಕೆಯಿಂದ ಆಚೆ."

"ಯಾವುದಕ್ಕಾದ್ರೂ ಹೆದರ್ತಾರಾ?"

ಅವನು ಕನ್ನಡಕ ಏರಿಸಿಕೊಂಡ. ಅವಳ ಕಡೆ ನೋಡಲಿಲ್ಲ, ಮೇಡಂಗೇ ಹೇಳಿದ. "ತಾನಿಲ್ಲದಿದ್ರೆ ಯಾರಿಗೂ ಗೊತ್ತಾಗಲ್ವೇನೋ ಅಂತ ಹೆದರ್ತಾಳೆ. ಗೊತ್ತಾಗುತ್ತೆ ಮೇಡಂ. ತುಂಬಾ ಗೊತ್ತಾಗುತ್ತೆ."

ಮೇಡಂ ಅದನ್ನೂ ಬರೆದುಕೊಂಡರು. ಭತ್ಯೆ ನಿಂತಿತು, ಜೀವನಾಂಶವನ್ನೂ ಇನ್ನು ಕಟ್ಟಬೇಕಾಗಿಲ್ಲ ಎಂದರು. ತಿಂಗಳಾ ತಿಂಗಳಾ ಕಟ್ಟಿ ಅಭ್ಯಾಸವಾಗಿದೆ, ಕೊಡುತ್ತಲೇ ಇರಲೇ ಎಂದು ಅವನು ಕೇಳಿದ. ಅದನ್ನು ಮನೆಯಲ್ಲಿ ಕೇಳಿಕೊಳ್ಳಿ ಎಂದರು. ಕೊನೆಗೆ ಒಂದು ಖಾಲಿ ಜಾಗ ಉಳಿದಿದೆ, ತಾರೀಖು ಬೇಕು ಎಂದು ಸ್ಕ್ರೀನಿನ ಮೇಲೆ ಬೆರಳಿಟ್ಟರು.

"ಯಾವತ್ತಿಂದ ಒಟ್ಟಿಗಿದೀರಿ?"

ಅವನು ಯೋಚಿಸಿದ. ಮಂಚ ಎಳೆದ ಮೊದಲ ಭಾನುವಾರದಿಂದಲೋ, ಬಸ್ ಸ್ಟಾಪಿನಿಂದಲೋ, ಕನ್ನಡಕದ ಕಡ್ಡಿ ಬಿಗಿಯಾದ ದಿನದಿಂದಲೋ. ಬಿಟ್ಟ ತಾರೀಖು ಇಬ್ಬರಿಗೂ ಸರಿಯಾಗಿ ನೆನಪಿತ್ತು.

"ಗೊತ್ತಿಲ್ಲ," ಎಂದ. ಈ ಸಲ ಅದು ಸುಳ್ಳಾಗಿರಲಿಲ್ಲ.

"ಇವತ್ತಿಂದ ಅಂತ ಬರ್ಕೊಳಿ ಮೇಡಂ," ಎಂದಳು ಅವಳು.

ಶಾಲೆ ಬಿಡುವ ಹೊತ್ತಾಗಿತ್ತು. ಗೇಟಿನ ಎದುರು ಇಬ್ಬರೂ ಅಕ್ಕಪಕ್ಕ ನಿಂತರು. ಅವನು ಕೆಮ್ಮಿದ. ನಾಳೆ ಡಾಕ್ಟರ ಹತ್ತಿರ ಹೋಗದಿದ್ದರೆ ನೋಡು ಎಂದು ಅವಳು ಬೈದಳು. ಹಾಗಾದರೆ ಮನೆಯ ಕಿಟಕಿಗೆ ಪರದೆ ಹಾಕುವುದೋ ಬೇಡವೋ ಎಂದು ಅವನು ಕೇಳಿದ. ಅರ್ಧ ಹಾಕು ಎಂದಳು. ಯಾವ ಅರ್ಧ ಎಂದ. ಆ ವಿಷಯಕ್ಕೆ ಸಣ್ಣದೊಂದು ಜಗಳ ಏಳುವುದರಲ್ಲಿತ್ತು, ಅಷ್ಟರಲ್ಲಿ ಬುಗುರಿ ಓಡಿಬಂದಳು. ಕೆಳಗಿನ ಹಲ್ಲು ಬಿದ್ದು ಬಾಯಲ್ಲಿ ಕಿಂಡಿಯಾಗಿತ್ತು.

ಇಬ್ಬರನ್ನೂ ಒಟ್ಟಿಗೆ ಕಂಡು ಗಕ್ಕನೆ ನಿಂತಳು. ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು.

"ಈ ವಾರ ಯಾರ್ದು?"

"ನಿಮ್ಮಮ್ಮನ್ನ ಕೇಳು," ಎಂದ ಅವನು.

"ನಿಮ್ಮಪ್ಪನ್ನ ಕೇಳು," ಎಂದಳು ಅವಳು.

ಈ ದೊಡ್ಡವರಿಗೆ ಯಾವುದೂ ನೆಟ್ಟಗೆ ಗೊತ್ತಿರುವುದಿಲ್ಲ ಎಂದು ಬುಗುರಿಗೆ ಅನ್ನಿಸಿರಬೇಕು. ಬ್ಯಾಗನ್ನು ಅಪ್ಪನ ಕೈಗೆ ಕೊಟ್ಟು, ನೀರಿನ ಬಾಟಲಿಯನ್ನು ಅಮ್ಮನ ಕೈಗೆ ಕೊಟ್ಟು, ಇಬ್ಬರನ್ನೂ ಹಿಂದೆ ಬಿಟ್ಟು ಮನೆಯ ದಾರಿ ಹಿಡಿದಳು.